ಗಾಲ್ದಿನೊ ಸಾಹೇಬರ ಅಕಾಲಿಕ ಚರಮಗೀತೆ

ನಮ್ಮ ಊರಿನಲ್ಲಿ ಮನುಷ್ಯನೊಬ್ಬ ಬದುಕಿದ್ದಾನೆ ಎನ್ನುವುದಕ್ಕೆ ಎರಡು ಪುರಾವೆಗಳುಂಟು. ಒಂದು, ತಿಂಗಳಿಗೊಮ್ಮೆ ಬರುವ ನೀರಿನ ಬಿಲ್ಲು. ಇನ್ನೊಂದು, ವರ್ಷಕ್ಕೊಮ್ಮೆ ಬರುವ ಬುರುಡೆಪದ. ಬಿಲ್ಲು ಸತ್ತವರಿಗೂ ಹೋಗುವುದುಂಟು. ಅದು ನಮ್ಮ ಕಚೇರಿಯ ಹಳೆಯ ಕಾಯಿಲೆ. ಬುರುಡೆಪದ ಮಾತ್ರ ಬದುಕಿದ್ದವರಿಗೇ ಮೀಸಲು.

ನವೆಂಬರಿನ ಮೊದಲೆರಡು ದಿನ ಸತ್ತವರು ಊಟಕ್ಕೆ ಮನೆಗೆ ಬರುತ್ತಾರೆ. ಅದೇ ಹೊತ್ತಿಗೆ ಬದುಕಿದ್ದವರನ್ನು ಪದ್ಯದಲ್ಲಿ ಸಾಯಿಸಿಬಿಡುವುದು ಮೆಕ್ಸಿಕೊದ ಪದ್ಧತಿ. ನಮ್ಮ ಊರಾದ ಪೋಸೊ ಸೆಕೊದಲ್ಲಂತೂ ಅದೊಂದು ಚಟ. ಮೇಯರ್ ಇರಲಿ, ಪಾದ್ರಿ ಇರಲಿ, ಬ್ರೆಡ್ಡು ಮಾರುವವನಿರಲಿ, ಬೋಳಕ್ಕ ಬಂದು ಅವರ ಕತ್ತಿನ ಪಟ್ಟಿ ಹಿಡಿದು ಹೇಗೆ ಎಳೆದುಕೊಂಡು ಹೋದಳು, ಹೋಗುವಾಗ ಅವರ ಯಾವ ಯಾವ ಹುಳುಕು ಬೀದಿಗೆ ಬಿತ್ತು ಎಂದು ಪ್ರಾಸಬದ್ಧವಾಗಿ ಬರೆಯುತ್ತಾರೆ. ಅದೇ ಬುರುಡೆಪದ. ಬೋಳಕ್ಕ ಎಂದರೆ ಸಾವು. ದಿನಾ ಒಡನಾಡುವವಳಿಗೆ ಮುದ್ದಿನ ಹೆಸರೊಂದು ಬೇಡವೆ? ಬುರುಡೆಪದದಲ್ಲಿ ಮಾನ ಹೋದವನು ಮರುದಿನ ಎದೆಯುಬ್ಬಿಸಿ ಓಡಾಡುತ್ತಾನೆ. ಊರು ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯಲ್ಲ! ಇದಕ್ಕಿರುವುದು ಒಂದೇ ಒಂದು ಕಟ್ಟಳೆ: ನಿಜವಾಗಿ ಸಾವಿನ ದಾರಿ ಹಿಡಿದವರ ಮೇಲೆ ಬುರುಡೆಪದ ಬರೆಯುವುದಿಲ್ಲ. ಬೋಳಕ್ಕನ ಕೆಲಸಕ್ಕೆ ನಾವು ಅಡ್ಡಬಾಯಿ ಹಾಕಬಾರದು.

ನೀರು ಸರಬರಾಜು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಎಲ್ಪಿದಿಯೊಗೆ ನೀರಿನ ಬಿಲ್ಲು ತಪ್ಪದೆ ಬರುತ್ತಿತ್ತು. ಬುರುಡೆಪದ ಒಮ್ಮೆಯೂ ಬಂದಿರಲಿಲ್ಲ. ಅವನು ಕರಾವಳಿಯ ಕಡೆಯವನು. ನಮ್ಮೂರಿನ ನೊಯೆಮಿಯನ್ನು ಮದುವೆಯಾಗಿ ಬಂದು ಹತ್ತು ವರ್ಷ ದಾಟಿತ್ತು. ಪ್ರತಿ ಅಕ್ಟೋಬರಿನಲ್ಲಿ ಕಚೇರಿಯ ಬುರುಡೆಹಾಳೆ ಅಚ್ಚಾಗಿ ಬಂದಾಗ ಅವನು ಅದನ್ನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು, ಕೊನೆಗೆ ಮಡಿಸಿಟ್ಟು, "ಈ ಸಲ ಹಾಳೆ ಚಿಕ್ಕದಾಯ್ತು, ಅಲ್ವಾ?" ಎನ್ನುತ್ತಿದ್ದ. ಹಾಗೆ ಚಿಕ್ಕದಾದ ಹಾಳೆಯೊಂದರಲ್ಲೇ ಕಚೇರಿಯ ಬೆಕ್ಕಿನ ಮೇಲೆ ಎಂಟು ಸಾಲು ಬಂದಿತ್ತು.

"ನನ್ನಲ್ಲಿ ಗೇಲಿ ಮಾಡೋಕೆ ಏನೂ ಇಲ್ವೇನ್ರೀ?" ಎಂದು ಒಮ್ಮೆ ಅವನು ಹಾಳೆಯನ್ನು ಹೊಂದಿಸುವ ಸೆಲ್ಸಾಳನ್ನು ಕೇಳಿದ. ಸೆಲ್ಸಾ ನಮ್ಮ ಟೈಪಿಸ್ಟು. ಬೆರಳಿಗಿಂತ ನಾಲಗೆ ಚುರುಕು.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹುಡುಕಿದ್ದೀನಿ ದೊನ್ ಎಲ್ಪಿದಿಯೊ. ದೇವರಾಣೆ ಹುಡುಕಿದ್ದೀನಿ. ಪ್ರಾಸಕ್ಕೆ ಸಿಕ್ಕೋ ಅಂಥದ್ದು ಏನೂ ಇಲ್ಲ ನಿಮ್ಮಲ್ಲಿ."

ಒಬ್ಬ ಮನುಷ್ಯ ಸಾಹಿತ್ಯದ ಕಡೆ ತಿರುಗಲು ಇದಕ್ಕಿಂತ ಹಗುರವಾದ ಕಾರಣಗಳನ್ನು ನಾನು ಓದಿದ್ದೇನೆ.

ಆ ವರ್ಷ ಊರಿನ ಸಂಸ್ಕೃತಿ ಭವನದಲ್ಲಿ ನಿವೃತ್ತ ಉಪಾಧ್ಯಾಯಿನಿ ಅರ್ಸೆಲಿಯಾ ಅವರು ಶನಿವಾರದ ಪಾಠವೊಂದನ್ನು ಶುರುಮಾಡಿದರು: 'ಸಾಹಿತ್ಯದ ಮೂಲ ಪ್ರಕಾರಗಳು ಮತ್ತು ಅಂಗಗಳು'. ಎಲ್ಪಿದಿಯೊ ಸೇರಿದ. ಹೆಸರಾದವನನ್ನು ತಾನೆ ಜನ ಗೇಲಿ ಮಾಡುವುದು, ಮೊದಲು ಹೆಸರು ಮಾಡೋಣ, ಗೇಲಿ ತಾನಾಗಿ ಹಿಂದೆ ಬರುತ್ತದೆ ಎಂಬುದು ಅವನ ತರ್ಕ. ಮೊದಲ ಶನಿವಾರ ಭಾವಗೀತೆ, ಕಥನ, ನಾಟಕ ಎಂಬ ಮೂರು ಕುಲಗಳ ಪರಿಚಯವಾಯಿತು. ಎರಡನೆಯ ಶನಿವಾರ ವಸ್ತು, ಪಾತ್ರ, ಸಂಘರ್ಷ, ಪರಾಕಾಷ್ಠೆ. ಮೂರನೆಯ ಶನಿವಾರ ಮಹಾಕಾವ್ಯ, ದುರಂತ, ಚರಮಗೀತೆ. ನಾಲ್ಕನೆಯ ಶನಿವಾರ ಅವನು ಹೋಗಲಿಲ್ಲ. ತನಗೆ ತಿಳಿಯಬೇಕಾದದ್ದೆಲ್ಲ ತಿಳಿದಾಯಿತು ಎನ್ನಿಸಿತಂತೆ. ಇದೂ ಸಾಹಿತ್ಯದಲ್ಲಿ ಹೊಸದೇನಲ್ಲ.

ಮೊದಲ ಪೆಟ್ಟು ತಿಂದದ್ದು ಸಾರ್ವಜನಿಕರು. ದೂರು ಅರ್ಜಿಗಳನ್ನು ಬೀದಿವಾರು ಜೋಡಿಸುವುದು ಎಲ್ಪಿದಿಯೊನ ಕೆಲಸ. ಅವನು ಅವನ್ನೆಲ್ಲ ಹೊರತೆಗೆದು ಪ್ರಕಾರವಾರು ಜೋಡಿಸಿದ. ಒಂದು ಬೆಳಿಗ್ಗೆ ಕಸಾಯಿ ಬೀದಿಯ ದಪ್ಪ ಹೆಂಗಸೊಬ್ಬಳು ಬಂದು ಕಿಟಕಿಗೆ ಮೊಣಕೈ ಊರಿದಳು.

"ನಲ್ಲೀಲಿ ಹನಿ ನೀರಿಲ್ಲ. ಈಸ್ಟರಿಗೆ ಕೊಟ್ಟ ಅರ್ಜಿ. ಎಲ್ಲಿಟ್ಟಿದ್ದೀರಿ?"

"ತಾಯಿ, ನಿಮ್ಮದು ಮಹಾಕಾವ್ಯ. ಕೆಳಗಿನ ಖಾನೆಯಲ್ಲಿದೆ."

"ಏನಂದ್ರಿ?"

"ಮಹಾಕಾವ್ಯ. ನಾಯಕಿ ಬಿಂದಿಗೆ ಹೊತ್ತು ಊರೆಲ್ಲ ಅಲೀತಾಳೆ, ಎಲ್ಲ ಬಾಗಿಲೂ ಮುಚ್ಚಿರುತ್ತೆ, ಆದರೂ ಎದೆಗುಂದಲ್ಲ. ಬಹಳ ಚೆನ್ನಾಗಿ ಬರೆದಿದ್ದೀರಿ."

"ನಾಯಕಿ ಹಾಳಾಗಿಹೋಗ್ಲಿ. ನೀರು ಯಾವಾಗ?"

"ಅದು ಪರಾಕಾಷ್ಠೆ ತಾಯಿ. ಮೊದಲೇ ಹೇಳಿಬಿಟ್ಟರೆ ಕೃತಿ ಕೆಡುತ್ತೆ."

ಹೆಂಗಸು ನನ್ನ ಕಡೆ ತಿರುಗಿ, "ಇವರಿಗೆ ಜ್ವರ ಬಂದು ಎಷ್ಟು ದಿನ ಆಯ್ತು?" ಎಂದಳು.

ಮನೆಯಲ್ಲೂ ಇದೇ ಗತಿ. ಬೀನ್ಸು ತಳಹಿಡಿದದ್ದಕ್ಕೆ ನೊಯೆಮಿ ಕೂಗಾಡಿದರೆ ಅವನು ಕಣ್ಣು ಮುಚ್ಚಿ ಕೇಳಿ, "ಸಂಘರ್ಷ ಇದೆ, ಪಾತ್ರಪೋಷಣೆ ಸಾಲದು" ಎನ್ನುತ್ತಿದ್ದನಂತೆ. ಬಾಣಲೆಯಲ್ಲಿ ಉಳಿದದ್ದನ್ನು ಅವಳು ಅವನ ತಟ್ಟೆಗೇ ಬಡಿಸಿ ಪಾತ್ರಪೋಷಣೆ ಮಾಡಿದಳು.

ಇಂಥ ಸ್ಥಿತಿಯಲ್ಲಿ ಅಕ್ಟೋಬರ್ ಬಂತು. ಸಂತೆಯಲ್ಲಿ ಚೆಂಡುಹೂವಿನ ರಾಶಿ ಬಿತ್ತು, ಸಕ್ಕರೆ ಬುರುಡೆಗಳು ಅಂಗಡಿಯ ಮುಂದೆ ಹಲ್ಲು ಕಿರಿದು ಕೂತವು. ಎಲ್ಪಿದಿಯೊ ಸೆಲ್ಸಾಳ ಮುಂದೆ ನಿಂತು, ಈ ಸಲ ನಮ್ಮ ಮುಖ್ಯಸ್ಥ ದೊನ್ ಗಾಲ್ದಿನೊ ಅವರ ಮೇಲೆ ತಾನೇ ಬರೆಯುತ್ತೇನೆಂದ. ಸಾಹೇಬರ ಮೇಲೆ ಬರೆಯುವುದು ಯಾರಿಗೂ ಬೇಡದ ಕೆಲಸ. ಅವರ ಊಟದ ವಿರಾಮ, ಅವರ ಹೊಟ್ಟೆ, ಬಾರದ ನೀರು, ಇಷ್ಟನ್ನೇ ಎಷ್ಟು ವರ್ಷ ಕುಟ್ಟುವುದು? ಸೆಲ್ಸಾ ಸಂತೋಷದಿಂದ ಒಪ್ಪಿದಳು. ಅವನು ಬರೆದದ್ದನ್ನು ನೇರವಾಗಿ ಮುದ್ರಣಾಲಯಕ್ಕೇ ಕೊಟ್ಟುಬಂದ.

ಹಾಳೆ ಬಂತು. ಮೇಯರನ್ನು ಬೋಳಕ್ಕ ಕುರ್ಚಿಯ ಸಮೇತ ಹೊತ್ತುಕೊಂಡು ಹೋಗಿದ್ದಳು, ಏಕೆಂದರೆ ಅವರನ್ನು ಕುರ್ಚಿಯಿಂದ ಬಿಡಿಸಲು ಆಗಿರಲಿಲ್ಲ. ಪಾದ್ರಿಯನ್ನು ಅವರ ಉಪದೇಶದ ನಡುವೆಯೇ ಒಯ್ದಿದ್ದಳು; ಭಕ್ತರು ಮೇಣದಬತ್ತಿ ಹಚ್ಚಿ ಕೃತಜ್ಞತೆ ಸಲ್ಲಿಸಿದ್ದರು. ಇವರೆಲ್ಲರ ನಡುವೆ, ಕಪ್ಪು ಅಂಚಿನೊಳಗೆ, ದೊನ್ ಗಾಲ್ದಿನೊ:

ಓ ಗಾಲ್ದಿನೊ! ನೀರನಿತ್ತ ಕೈಯೆ, ಸೋತೆಯಾ?
ಕೊಳವೆ ಕೊಳವೆಯಲಿ ನಿನ್ನ ನಿಟ್ಟುಸಿರು ಮೊರೆದಿದೆ.
ಬತ್ತಿತೇ ಬಾವಿ? ಅಲ್ಲ, ಬತ್ತಿದವರು ನಾವು;
ಊರ ಕಣ್ಣಿನಲಿ ಮಾತ್ರ ನೀರು ಉಳಿದಿದೆ.

ಹೀಗೆ ಒಂಬತ್ತು ಪದ್ಯ. ನಗು ಎಂಬುದು ಹತ್ತಿರ ಸುಳಿದಿರಲಿಲ್ಲ.

ಪೈಪು ಜೋಡಿಸುವ ಚೋನ್ ಅದನ್ನು ಮೂರನೆಯ ಪದ್ಯದವರೆಗೆ ಓದಿ ಟೋಪಿ ತೆಗೆದ. "ಅಯ್ಯೋ ಪಾಪ. ಯಾವಾಗ ಗೊತ್ತಾಯ್ತಂತೆ?"

"ಏನು?" ಎಂದೆ ನಾನು.

"ಮತ್ತೇನು? ಗಾಲ್ದಿನೊ ಮೇಲೆ ಗೇಲಿ ಮಾಡಿಲ್ಲ ಅಂದ್ರೆ ಏನರ್ಥ? ಆ ಹೊಟ್ಟೆ ಇಟ್ಕೊಂಡಿರೋ ಮನುಷ್ಯನ್ನ ಸುಮ್‌ಸುಮ್ನೆ ಯಾರಾದ್ರೂ ಬಿಡ್ತಾರಾ? ಬರೆದೋನು ಯಾರು ನೋಡು. ಎಲ್ಪಿದಿಯೊ. ಅವನ ಹೆಂಡ್ತಿ ಎಲ್ಲಿರೋದು?"

ನೊಯೆಮಿ ಇದ್ದದ್ದು ಆಸ್ಪತ್ರೆಯ ಬಾಗಿಲಲ್ಲಿ, ರೋಗಿಗಳಿಗೆ ಸರದಿ ಚೀಟಿ ಹರಿದುಕೊಡುವ ಕೆಲಸದಲ್ಲಿ. ಮಧ್ಯಾಹ್ನದೊಳಗೆ ಊರಿನ ಅರ್ಧ ಹೆಂಗಸರು ಅವಳ ಕಿಟಕಿಗೆ ಬಂದರು. ಅವಳು ಎಲ್ಲರಿಗೂ ಯಾವಾಗಲೂ ಹೇಳುವುದನ್ನೇ ಹೇಳಿದಳು: "ರೋಗಿಗಳ ವಿಷಯ ನಾನು ಬಾಯಿ ಬಿಡೋ ಹಾಗಿಲ್ಲ." ನೆಗಡಿಯ ವಿಷಯದಲ್ಲೂ ಅವಳು ಹೀಗೆಯೇ ಹೇಳುತ್ತಾಳೆ. ಆದರೆ ಆ ದಿನ ಅದನ್ನು ಕೇಳಿದವರು ಎದೆಯ ಮೇಲೆ ಶಿಲುಬೆ ಬರೆದುಕೊಂಡು ಹೋದರು.

ದೊನ್ ಗಾಲ್ದಿನೊಗೆ ಮೊದಲಿಗೆ ಏನೂ ತಿಳಿಯಲಿಲ್ಲ. ಅವರು ಬುರುಡೆಹಾಳೆ ಓದುವವರಲ್ಲ. ಹೆಂಡತಿ ಒಬ್ದುಲಿಯಾ ಓದಿ, ಬೇಕಾದ ಭಾಗವನ್ನು ಜಗಳದಲ್ಲಿ ಬಳಸಿಕೊಳ್ಳುತ್ತಿದ್ದರು. ಈ ಸಲ ಜಗಳ ಬರಲಿಲ್ಲ. ಬದಲಿಗೆ ಭಾನುವಾರ ಊಟಕ್ಕೆ ಹುರಿದ ಹಂದಿಮಾಂಸ ಬಂತು. ವೈದ್ಯರು ಬೇಡವೆಂದ ಮೇಲೆ ಆ ಮನೆಯಲ್ಲಿ ಹಂದಿಯ ಹೆಸರನ್ನೂ ಎತ್ತುತ್ತಿರಲಿಲ್ಲ.

"ಇದೇನೇ, ಹಂದಿ?"

"ತಿನ್ನಿ," ಎಂದರು ದೊನ್ಯಾ ಒಬ್ದುಲಿಯಾ, ಮುಖ ಆಚೆ ತಿರುಗಿಸಿ. "ಮೆಜ್ಕಾಲ್ ಸಾರಾಯಿ ಬಗ್ಗಿಸಲಾ? ಇನ್ನೊಂದು ಲೋಟ? ಏನಂತೆ ಈಗ."

ಸೋಮವಾರ ಕಚೇರಿಗೆ ಬಂದರೆ ಜನ ಎದ್ದು ನಿಂತರು. ಅವರು ಹೇಳಿದ್ದಕ್ಕೆಲ್ಲ "ಸರಿ ಸಾಹೇಬರೇ" ಎಂದರು. ಕಸಾಯಿ ಬೀದಿಯ ಅದೇ ಹೆಂಗಸು ಬಂದು, ಒಂದು ಪಾತ್ರೆ ಮೋಲೆ ಸಾರನ್ನು ಅವರ ಮೇಜಿನ ಮೇಲಿಟ್ಟು, "ನೀರಿನ ಚಿಂತೆ ಬಿಡಿ ಸಾಹೇಬರೇ, ಹೊತ್ತು ತರೋದು ಅಭ್ಯಾಸ ಆಗಿದೆ. ನೀವು ನೆಮ್ಮದಿಯಾಗಿರಿ" ಎಂದಳು. ವಾದ್ಯದವರ ಮುಖಂಡ ಬಾಗಿಲಲ್ಲಿ ನಿಂತು, ನಿಮಗೆ ನಿಧಾನದ ರಾಗ ಇಷ್ಟವೋ, ಸ್ವಲ್ಪ ಚುರುಕಿನದೋ ಎಂದು ಕೇಳಿದ. ಸುಮ್ಮನೆ ಕುತೂಹಲಕ್ಕೆ, ಎಂದೂ ಸೇರಿಸಿದ.

ಇದನ್ನೆಲ್ಲ ದೊನ್ ಗಾಲ್ದಿನೊ ತಮ್ಮ ಆಡಳಿತ ವೈಖರಿಗೆ ಸಂದ ಗೌರವವೆಂದೇ ತಿಳಿದರು. ಅಧಿಕಾರಿಗಳು ಹಾಗೆ ತಿಳಿಯುವುದಕ್ಕೆ ತಡಮಾಡುವವರಲ್ಲ. ಅನುಮಾನ ಬಂದದ್ದು ಅವರ ಭಾವಮೈದುನ ಪ್ರೊಕೊಪಿಯೊನಿಂದ. ಕಂಡಾಗಲೆಲ್ಲ ಏನಾದರೊಂದು ಕೇಳುವ ಈ ಮನುಷ್ಯ ಅಂದು ಏನೂ ಕೇಳಲಿಲ್ಲ. ಸಾಹೇಬರ ಒಳ್ಳೆಯ ಟೋಪಿಯನ್ನು ಗೂಟದಿಂದ ತೆಗೆದು, ತಲೆಗಿಟ್ಟುಕೊಂಡು, ಕನ್ನಡಿ ನೋಡಿದ.

"ಏನಯ್ಯಾ ಅದು?"

"ಅಳತೆ ನೋಡ್ತಿದ್ದೆ ಭಾವ. ಸರಿಯಾಗಿದೆ. ಅವಸರ ಏನಿಲ್ಲ, ಇಟ್ಕೊಂಡಿರಿ."

ಮರುದಿನ ಕಚೇರಿಯ ಮೂಲೆಯಲ್ಲಿ ಸತ್ತ ನೌಕರರಿಗೆಂದು ನಾವು ಕಟ್ಟುವ ಮೆಟ್ಟಿಲು ಪೀಠ ಸಿದ್ಧವಾಯಿತು. ಚೆಂಡುಹೂವಿನ ಕಮಾನು, ಧೂಪ, ಬ್ರೆಡ್ಡು, ಲೋಟದಲ್ಲಿ ನೀರು (ಹೊರಗಿಂದ ತರಿಸಿದ್ದು), ಹಿಂದಿನ ಮುಖ್ಯಸ್ಥರ ಫೋಟೊಗಳು. ದೊನ್ ಗಾಲ್ದಿನೊ ಅದರ ಮುಂದೆ ವಿನಯದಿಂದ ಟೋಪಿ ತೆಗೆದರು. ಕಣ್ಣು ಮೇಲೆತ್ತಿದರು. ಮೂರನೆಯ ಮೆಟ್ಟಿಲಲ್ಲಿ, ಹೊಸ ಚೌಕಟ್ಟಿನಲ್ಲಿ, ಅವರೇ ಅವರನ್ನು ನೋಡಿ ನಗುತ್ತಿದ್ದರು.

"ಇದನ್ನ ಯಾರಿಟ್ಟದ್ದು?" ಧ್ವನಿ ಕಚೇರಿಯ ನಲ್ಲಿಯಂತೆ ನಡುವೆ ನಿಂತುಹೋಯಿತು.

"ಪ್ರೊಕೊಪಿಯೊ ತಂದುಕೊಟ್ಟ್ರು," ಎಂದ ಚೋನ್, ನೆಲ ನೋಡುತ್ತ. "ಆಮೇಲೆ ಅಳೋ ಗದ್ದಲದಲ್ಲಿ ಒಳ್ಳೆ ಫೋಟೊ ಸಿಗಲ್ಲ ಅಂತ. ಇದರಲ್ಲಿ ಚೆನ್ನಾಗಿ ಬಂದಿದ್ದೀರಿ ಸಾರ್."

ದೊನ್ ಗಾಲ್ದಿನೊ ನೇರ ಆಸ್ಪತ್ರೆಗೆ ಓಡಿದರು. ವೈದ್ಯರು ಎದೆಗೆ ಕಿವಿಗೊಟ್ಟು, ನಾಲಗೆ ನೋಡಿ, ಹೊಟ್ಟೆ ಒತ್ತಿ, "ನಿಮಗೇನೂ ಆಗಿಲ್ಲ" ಎಂದರು. ಸಾಯುವವರಿಗೆ ವೈದ್ಯರು ಹೇಳುವುದು ಅದನ್ನೇ ಎಂದು ಊರಿಗೆಲ್ಲ ಗೊತ್ತಿದ್ದ ವಿಷಯ ಸಾಹೇಬರಿಗೂ ಗೊತ್ತಿತ್ತು. ಹೊರಬರುವಾಗ ಕಿಟಕಿಯಲ್ಲಿ ನೊಯೆಮಿಯನ್ನು ಕಂಡು, "ಮಗಳೇ, ನೀನಾದರೂ ನಿಜ ಹೇಳು" ಎಂದು ಬೇಡಿದರು.

"ರೋಗಿಗಳ ವಿಷಯ ನಾನು ಬಾಯಿ ಬಿಡೋ ಹಾಗಿಲ್ಲ ಸಾಹೇಬರೇ."

"ನಾನೇ ರೋಗಿ ಕಣಮ್ಮಾ!"

"ಹಾಗಾದ್ರಂತೂ ಇನ್ನೂ ಕಷ್ಟ."

ಕಚೇರಿಗೆ ಮರಳಿ, ಯಾರೋ ಕೈಗಿತ್ತ ಹಾಳೆಯನ್ನು ಕೊನೆಗೂ ಓದಿ, ಎಲ್ಪಿದಿಯೊನನ್ನು ಒಳಗೆ ಕರೆಸಿದರು. ಗೋಡೆ ತೆಳುವಾದದ್ದರಿಂದ ನಾವು ಕಿವಿಗೊಡಬೇಕಾದ ಶ್ರಮವಿರಲಿಲ್ಲ. ಸೆಲ್ಸಾ ಸುಮ್ಮನೆ ಶಿಷ್ಟಾಚಾರಕ್ಕೆಂದು ಕಿವಿ ಹಚ್ಚಿ ನಿಂತಳು.

"ಎಲ್ಪಿದಿಯೊ, ನೀನು ಬರೆದದ್ದು ಓದಿದೆ."

"ಓದಿದಿರಾ ಸಾರ್!" ಕುರ್ಚಿ ಕಿರುಗುಟ್ಟಿತು. ಕೂರಲು ಹೇಳುವ ಮೊದಲೇ ಕೂತಿದ್ದ.

"ಇನ್ನು ಎಷ್ಟು ದಿನ? ಮುಚ್ಚಿಡಬೇಡ, ಗಂಡಸು ನಾನು."

"ದಿನದ ಲೆಕ್ಕ ಅಲ್ಲ ಸಾರ್ ಅದು. ಚೆನ್ನಾಗಿ ಬಂದರೆ ಶಾಶ್ವತ."

"ಶಾಶ್ವತ," ಎಂದರು ಸಾಹೇಬರು. "ತಪ್ಪಿಸೋ ದಾರಿ ಇಲ್ವಾ?"

"ಇಲ್ಲ ಸಾರ್. ಮೊದಲ ಸಾಲಲ್ಲೇ ಅಂತ್ಯದ ಸುಳಿವು ಕೊಟ್ಟಿದ್ದೀನಿ. ಅನಿವಾರ್ಯ ಅನ್ನಿಸಬೇಕು, ಅದೇ ಅದರ ಸೊಗಸು. ನಾಯಕ ಉಳಿದುಬಿಟ್ಟರೆ ಎಲ್ಲ ಕೆಟ್ಟುಹೋಗುತ್ತೆ."

"ಉಳಿದರೆ ಕೆಡುತ್ತಾ?"

"ಪೂರ್ತಿ ಕೆಡುತ್ತೆ ಸಾರ್. ಜನ ಕಣ್ಣೀರು ಹಾಕಿಯಾದ ಮೇಲೆ ಉಳಿಯೋದು ಮರ್ಯಾದೆ ಅಲ್ಲ."

ಆಮೇಲೆ ಭಾರದ ವಸ್ತುವೊಂದು ನೆಲಕ್ಕೆ ಬಿದ್ದ ಸದ್ದು. ನಾವು ಬಾಗಿಲು ತಳ್ಳಿ ನುಗ್ಗಿದೆವು. ದೊನ್ ಗಾಲ್ದಿನೊ ಕಾರ್ಪೆಟ್ಟಿನ ಮೇಲಿದ್ದರು; ಎಲ್ಪಿದಿಯೊ ಚರಮಗೀತೆಯ ಹಾಳೆಯಿಂದಲೇ ಅವರಿಗೆ ಗಾಳಿ ಹಾಕುತ್ತಿದ್ದ. ಗಾಬರಿಯಲ್ಲೂ ಅವನ ಮುಖದಲ್ಲೊಂದು ಹೆಮ್ಮೆಯಿತ್ತು. "ಕಾವ್ಯದ ಪರಿಣಾಮ," ಎಂದ ಪಿಸುಮಾತಿನಲ್ಲಿ.

ಸಾಹೇಬರನ್ನು ಮನೆಗೆ ಸಾಗಿಸಿದ ಮೇಲೆ ಸೆಲ್ಸಾ ಅವನನ್ನು ಮೂಲೆಗೆ ಒತ್ತರಿಸಿದಳು. "ಈಗ ಬಾಯಿ ಬಿಡಿ. ನೊಯೆಮಿ ನಿಮಗೆ ಏನು ಹೇಳಿದ್ಲು?"

"ಯಾವುದರ ಬಗ್ಗೆ?"

"ಸಾಹೇಬರ ಕಾಯಿಲೆ ಬಗ್ಗೆ!"

"ಸಾಹೇಬರಿಗೆ ಕಾಯಿಲೇನಾ?" ಎಂದ ಎಲ್ಪಿದಿಯೊ. ಅವನ ಕಣ್ಣು ನಿಜವಾಗಿ ತುಂಬಿಬಂತು. "ಅಯ್ಯೋ, ನನಗೆ ಯಾರೂ ಹೇಳಲೇ ಇಲ್ಲ! ಅಷ್ಟು ಗಟ್ಟಿಮುಟ್ಟಾಗಿದ್ದರು. ಏನಂತೆ?"

ಚೋನ್ ಕೈಲಿದ್ದ ಸ್ಪ್ಯಾನರು ಕೆಳಗಿಟ್ಟು ಕೂತುಬಿಟ್ಟ. ಎಲ್ಪಿದಿಯೊಗೆ ವಿಷಯ ತಿಳಿಹೇಳಲು ಅರ್ಧ ಗಂಟೆ ಹಿಡಿಯಿತು. ತಿಳಿದ ಮೇಲೆ ಅವನು ಪದ್ಯದ ಹಾಳೆಯನ್ನು ಮಡಿಸಿದ, ಬಿಡಿಸಿದ. ಕೊನೆಗೆ, "ಹಾಗಾದರೆ ಪದ್ಯ ಚೆನ್ನಾಗಿದೆ ಅಂತ ಯಾರೂ...?" ಎಂದು ಕೇಳಿದ.

"ಅದಿರಲಿ ಮಾರಾಯಾ," ಎಂದ ಚೋನ್. "ಅಲ್ಲಿ ಒಬ್ಬ ಮನುಷ್ಯ ನಿನ್ನ ಪದ್ಯದಿಂದ ಸಾಯ್ತಾ ಇದ್ದಾನೆ."

ಸಾಯುತ್ತಿದ್ದದ್ದು ಸುಳ್ಳಲ್ಲ. ದೊನ್ ಗಾಲ್ದಿನೊ ಹಾಸಿಗೆ ಹಿಡಿದಿದ್ದರು. ತಿನ್ನಲೊಲ್ಲರು, ಹಂದಿಮಾಂಸವನ್ನು ಪ್ರೊಕೊಪಿಯೊ ಟೋಪಿ ಹಾಕಿಕೊಂಡು ತಿನ್ನುತ್ತಿದ್ದ. ಬಂದವರಿಗೆಲ್ಲ ಸಾಹೇಬರು ಕ್ಷಮೆ ಕೇಳುತ್ತಿದ್ದರು. ಕ್ಷಮೆ ಕೇಳುವ ಅಧಿಕಾರಿಯನ್ನು ಕಂಡ ಜನಕ್ಕೆ ಉಳಿದಿದ್ದ ಅನುಮಾನವೂ ಹೋಯಿತು. ಎಲ್ಪಿದಿಯೊ ಹೋಗಿ, "ಸಾರ್, ನಿಮಗೇನೂ ಆಗಿಲ್ಲ, ಅದು ಬರೀ ಸಾಹಿತ್ಯ" ಎಂದ. ಸಾಹೇಬರು ಅವನ ಕೈ ಹಿಡಿದು, "ನೀನು ಒಳ್ಳೆಯವನು. ಸುಳ್ಳು ಹೇಳೋಕೆ ಬರಲ್ಲ ನಿನಗೆ" ಎಂದು ಗೋಡೆಯ ಕಡೆ ಮಗ್ಗುಲಾದರು.

ದಿಕ್ಕುಗೆಟ್ಟ ಅವನು ಅರ್ಸೆಲಿಯಾ ಮೇಡಂ ಬಳಿಗೆ ಓಡಿದ. ಜೊತೆಗೆ ನಾನೂ ಹೋದೆ. ಅವರು ತಮ್ಮ ಸತ್ತ ಗಂಡನಿಗೆಂದು ಕುಂಬಳಕಾಯಿಯನ್ನು ಬೆಲ್ಲದಲ್ಲಿ ಬೇಯಿಸುತ್ತಿದ್ದರು. ಕಥೆಯನ್ನೆಲ್ಲ ಕೇಳಿ ಸೌಟು ನಿಲ್ಲಿಸದೆ, "ನಾಲ್ಕನೇ ಶನಿವಾರ ಎಲ್ಲಿಗೆ ಹೋಗಿದ್ರಿ?" ಎಂದರು.

"ಹುಷಾರಿರಲಿಲ್ಲ ಮೇಡಂ."

"ಸುಳ್ಳು. ಸಂತೇಲಿ ಸೊಂಟಪಟ್ಟಿ ಕೊಳ್ತಾ ಇದ್ರಿ, ನೋಡಿದ್ದೀನಿ. ನಾಲ್ಕನೇ ಶನಿವಾರ ವಿಡಂಬನೆ ಪಾಠ. ಬುರುಡೆಪದ. ಸತ್ತವರನ್ನ ಹೊಗಳ್ತೀವಿ ಎಲ್ಪಿದಿಯೊ, ಬದುಕಿರೋರನ್ನ ಬೈತೀವಿ. ಅಷ್ಟೇ ಪಾಠ. ಐದು ನಿಮಿಷಕ್ಕೆ ಮುಗೀತು, ಉಳಿದ ಹೊತ್ತು ಎಲ್ಲ ಬೈದಾಡಿಕೊಂಡು ಮನೆಗೆ ಹೋದ್ವಿ."

"ಈಗ ಏನು ಮಾಡಲಿ?"

"ಹೊಗಳಿ ಮಲಗಿಸಿದ್ದೀರಿ. ಬೈದು ಎಬ್ಬಿಸಿ."

ಹಿಂತಿರುಗುವ ದಾರಿಯಲ್ಲಿ ಅವನು ಚೌಕದ ಬಳಿ ನಿಂತು, "ನನಗೆ ಬರಲ್ಲ," ಎಂದ. "ಇಷ್ಟು ವರ್ಷದಲ್ಲಿ ಈ ಊರಲ್ಲಿ ಯಾರೂ ನನ್ನ ಗೇಲಿ ಮಾಡಿಲ್ಲ. ಕಲಿಯೋದಾದ್ರೂ ಹೇಗೆ?" ನಾನು ಬಗ್ಗಿ ಚಪ್ಪಲಿಯ ಧೂಳು ಕೊಡವಿದೆ. ಕಚೇರಿಯ ಬೆಕ್ಕಿನ ಮೇಲೆ ಆ ಎಂಟು ಸಾಲು ಬರೆದವನು ನಾನೇ.

ನವೆಂಬರ್ ಎರಡರ ಮಧ್ಯಾಹ್ನ, ಸ್ಮಶಾನಕ್ಕೆ ಹೊರಡುವ ಮೊದಲು, ಚೌಕದ ವಾದ್ಯಮಂಟಪದಲ್ಲಿ ಬುರುಡೆಪದಗಳನ್ನು ಎಲ್ಲರೆದುರು ಓದುತ್ತಾರೆ. ಎಲ್ಲರೂ ಸೇರಿದ್ದರು. ದೊನ್ ಗಾಲ್ದಿನೊ ಅವರನ್ನು ಕುರ್ಚಿಯಲ್ಲಿ ಹೊತ್ತು ತಂದು ಮುಂದಿನ ಸಾಲಿನಲ್ಲಿ ಇಳಿಸಿದ್ದರು, ಕಂಬಳಿ ಹೊದಿಸಿ. ಊರನ್ನು ಕೊನೆಯ ಸಲ ನೋಡಬೇಕೆಂದು ಅವರೇ ಕೇಳಿಕೊಂಡಿದ್ದರಂತೆ. ಪಕ್ಕದಲ್ಲಿ ಕಪ್ಪು ಶಾಲಿನ ದೊನ್ಯಾ ಒಬ್ದುಲಿಯಾ. ಹಿಂದೆ ಪ್ರೊಕೊಪಿಯೊ, ಟೋಪಿಯ ಸಮೇತ. ವಾದ್ಯದವರು ಎರಡೂ ರಾಗಗಳನ್ನು ಸಿದ್ಧವಿಟ್ಟುಕೊಂಡಿದ್ದರು.

ಎಲ್ಪಿದಿಯೊ ಮೆಟ್ಟಿಲು ಹತ್ತಿದ. ಜನ ಕರವಸ್ತ್ರ ತೆಗೆದರು. ಅವನು ಹಾಳೆ ಬಿಡಿಸಿ ಶುರುಮಾಡಿದ:

ಬೋಳಕ್ಕ ಬಂದಳು ಕುಡುಗೋಲು ಹಿಡಿದು
ನೀರಿನ ಕಚೇರಿ ಬಾಗಿಲಿಗೆ;
"ಸಾಹೇಬ್ರು ಊಟಕ್ಕೆ ಹೋಗವ್ರೆ, ಕೂತ್ಕೊಳಿ,
ಬರ್ತಾರೆ ಸಂಜೆಯ ಹೊತ್ತಿಗೆ."

ಯಾರೋ ಉಸಿರೆಳೆದುಕೊಂಡರು. ಸಾಯುವವನ ಮುಂದೆ! ಅವನು ಕಣ್ಣು ಎತ್ತದೆ ಮುಂದುವರಿಸಿದ.

ಕೂತಳು, ಕೂತಳು, ಎಲುಬಿಗೆ ಪಾಚಿ,
ಬುರುಡೆಗೆ ಜೇಡರ ಬಲೆ ಬಂತು;
ಬಾಯಾರಿ ಬೋಳಕ್ಕ ನಲ್ಲಿಯ ತಿರುಗಿಸೆ
ಪುಸ್ಸೆಂದು ಬರಿಗಾಳಿ ಹೊರಬಂತು.

ಸಾಹೇಬ್ರು ಬಂದರು ಹೊಟ್ಟೆಯ ಸವರುತ:
"ಅರ್ಜಿಯ ಬರೆದು ಕೊಡಿ, ತಾಯಿ;
ಈ ವರ್ಷ ಆಗಲ್ಲ, ಮುಂದಿನ ವರ್ಷಕೆ
ನೋಡೋಣ, ಮುಚ್ಚಿರಿ ಬಾಯಿ."

ಸಾಯಿಸಲು ಬಂದವಳು ನೀರಿಲ್ಲದೆ ತಾನೇ
ಸತ್ತಳು ಸಾಲಿನ ಕೊನೆಯಲ್ಲಿ;
ಗಾಲ್ದಿನೊ ಸಾಹೇಬ್ರಿಗೆ ಸಾವೆಂಬುದಿಲ್ಲ
ಕಚೇರಿ ಇರುವನಕ ಊರಲ್ಲಿ!

ಕಣ್ಣಿಗೇರಿದ್ದ ಕರವಸ್ತ್ರಗಳು ಅರ್ಧಕ್ಕೇ ನಿಂತವು. ಎಲ್ಲರ ಕಣ್ಣೂ ಮುಂದಿನ ಸಾಲಿನ ಕುರ್ಚಿಯ ಮೇಲೆ. ಕುರ್ಚಿಯ ಮೇಲಿನ ಕಂಬಳಿ ಅಲುಗಿತು. ಅದರೊಳಗಿಂದ ಒಂದು ಮುಖ ಮೇಲೆದ್ದಿತು, ಕೆಂಪಗೆ.

"ಯಾವನೋ ಹೇಳಿದ್ದು ಸಂಜೆ ಬರ್ತೀನಿ ಅಂತ?" ಎಂದು ಗುಡುಗಿದರು ದೊನ್ ಗಾಲ್ದಿನೊ. ಕಂಬಳಿ ಒಂದು ಕಡೆ, ಕುರ್ಚಿ ಒಂದು ಕಡೆ. "ನಾಲ್ಕು ಗಂಟೆಗೆ ಬರ್ತೀನಿ ನಾನು! ನಾಲ್ಕಕ್ಕೆ! ಯಾವಾಗ ಸಂಜೆ ಮಾಡಿದ್ದೀನಿ?"

"ಐದಕ್ಕೆ!" ಎಂದಳು ಕಸಾಯಿ ಬೀದಿಯ ಹೆಂಗಸು.

"ಐದೂವರೆ!" ಎಂದ ಚೋನ್.

"ಮನೆ ಬಿಡೋದೇ ಆರಕ್ಕೆ," ಎಂದರು ದೊನ್ಯಾ ಒಬ್ದುಲಿಯಾ, ಮತ್ತು ಶಾಲಿನೊಳಗೆ ಮುಖ ಹುದುಗಿಸಿದರು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆಂದು ಪಕ್ಕದವಳು ಸಮಾಧಾನಕ್ಕೆ ಬಾಗಿದಳು, ನೋಡಿದಳು, ತಾನೂ ಕಿಸಕ್ಕೆಂದಳು. ಅಲ್ಲಿಂದ ಅದು ಹತ್ತಿಕೊಂಡಿತು. ಇಷ್ಟು ಸಿಟ್ಟಾಗಬಲ್ಲ ಮನುಷ್ಯ ಸಾಯುವವನಲ್ಲ ಎಂದು ಊರಿಗೆ ಒಮ್ಮೆಗೇ ಹೊಳೆದುಬಿಟ್ಟಿತು. ಇಡೀ ವಾರ ತಡೆದಿಟ್ಟಿದ್ದ ನಗು, ಪೈಪು ಒಡೆದಂತೆ ನುಗ್ಗಿತು.

ಊರು ತನ್ನ ಕರುಣೆಯನ್ನು ಅಲ್ಲಿಯೇ ವಾಪಸು ತೆಗೆದುಕೊಂಡಿತು. ಕಸಾಯಿ ಬೀದಿಯವಳು ಮೋಲೆಯ ಪಾತ್ರೆಯನ್ನು ಕೇಳಿದಳು, ನೀರನ್ನೂ ಕೇಳಿದಳು. ದೊನ್ಯಾ ಒಬ್ದುಲಿಯಾ ಹಸಿವು ಮರಳಿದ ಗಂಡ ಪಕ್ಕದವರಿಂದ ಇಸಿದುಕೊಂಡಿದ್ದ ಹಂದಿಕೊಬ್ಬಿನ ಚೂರನ್ನು ಕಿತ್ತುಕೊಂಡು, "ವೈದ್ಯರು ಏನು ಹೇಳಿದ್ರು ನೆನಪಿದೆಯಾ?" ಎಂದರು. ಪ್ರೊಕೊಪಿಯೊ ಟೋಪಿ ತೆಗೆದು, ಒಳಗೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಭಾವನ ತಲೆಗೆ ಇಟ್ಟ.

"ಆ ಇನ್ನೊಂದು ಪದ್ಯ, ಕಪ್ಪು ಅಂಚಿಂದು, ಅದನ್ನ ಸುಟ್ಟುಹಾಕಿದ್ದೀಯ ತಾನೆ?" ಎಂದು ಸಾಹೇಬರು ಹೆಂಡತಿಯನ್ನು ಕೇಳಿದರು.

"ಪೆಟ್ಟಿಗೇಲಿಟ್ಟಿದ್ದೀನಿ," ಎಂದರು ಆಕೆ. "ಹಾಳಾಗೋ ವಸ್ತು ಅಲ್ಲ ಅದು."

ಎಲ್ಪಿದಿಯೊ ಇನ್ನೂ ಮಂಟಪದಲ್ಲೇ ನಿಂತಿದ್ದ. ಜನ ನಕ್ಕದ್ದನ್ನು ಅವನು ನಂಬಿರಲಿಲ್ಲ. ಇಳಿಯಲು ಮೆಟ್ಟಿಲಿನತ್ತ ತಿರುಗಿದಾಗ ಕೆಳಗಿಂದ ದೊನ್ ಗಾಲ್ದಿನೊ ಹತ್ತಿ ಬರುತ್ತಿದ್ದರು, ಮುಷ್ಟಿ ಬಿಗಿದು. ಅವನು ಕಣ್ಣು ಮುಚ್ಚಿದ. ಸಾಹೇಬರು ಅವನನ್ನು ಪಕ್ಕಕ್ಕೆ ಸರಿಸಿ, ಜನರತ್ತ ತಿರುಗಿ, "ನಿಲ್ರೋ! ಒಬ್ಬರೂ ಹೋಗಬೇಡಿ!" ಎಂದರು. "ಹಾಸಿಗೇಲಿ ಮಲಗಿದ್ದಾಗ ಈ ನನ್ನ ಮಗನ್ನ ನೆನೆದು ನೆನೆದು ನಾನೂ ಒಂದು ಕಟ್ಟಿದ್ದೀನಿ. ಸಾಯೋನಿಗೆ ಹಗೆ ಇರಬಾರದು ಅಂತ ನುಂಗ್ಕೊಂಡಿದ್ದೆ. ಈಗ ಯಾಕೆ ನುಂಗಲಿ?"

ಮತ್ತು ನಮ್ಮ ಕಚೇರಿಯ ಮುಖ್ಯಸ್ಥರು, ಕಡತದ ಮೇಲೆ 'ಪರಿಶೀಲಿಸಿ' ಎಂಬುದರ ಹೊರತು ಬೇರೇನೂ ಬರೆಯದವರು, ಬೆರಳಿನಿಂದ ತಾಳ ಹಾಕುತ್ತ ಹಾಡಿದರು:

ಬೋಳಕ್ಕ ಹಿಡಿದಳು ಎಲ್ಪಿದಿಯೊ ಕತ್ತು,
ಅವನೆಂದ: "ತಾಳಮ್ಮ ಒಂದಿಷ್ಟು ಹೊತ್ತು!
ಬಂದದ್ದು ದುರಂತವೊ, ಪ್ರಹಸನವೊ ಹೇಳು,
ಹೇಳಿದರೆ ಬರುವೆನು, ಇದು ನನ್ನ ಷರತ್ತು."

ವಸ್ತುವ ಕೇಳಿ, ಸಂಘರ್ಷ ಕೇಳಿ
ಪರಾಕಾಷ್ಠೆ ಎಲ್ಲೆಂದು ಪೀಡಿಸಿದ;
ಇಲ್ಲದ ಕೂದಲ ಕಿತ್ಕೊಂಡು ಚೀರುವ
ಬೋಳಕ್ಕನನ್ನೇ ಅವ ಓಡಿಸಿದ!

ಕೇಳಿರಿ ಜನರೇ, ಕರಾವಳಿಯಿಂದ
ಬಿಟ್ಟಿಗೆ ನಮಗೆ ಬಂದವ;
ಸಾವಿಗೂ ಬೇಡಾಗಿ ವಾಪಸು ಬಂದನು,
ಏನ್ಮಾಡೋಣ, ಇನ್ನು ನಮ್ಮವ!

ಚೌಕ ಬಿದ್ದು ಬಿದ್ದು ನಕ್ಕಿತು. ವಾದ್ಯದವರು ಚುರುಕಿನ ರಾಗ ಎತ್ತಿಕೊಂಡರು. ಚೋನ್ "ಇನ್ನೊಮ್ಮೆ!" ಎಂದು ಕೂಗಿದ, ಸಾಹೇಬರು ಇನ್ನೊಮ್ಮೆ ಹಾಡಿದರು. ಎರಡನೆಯ ಸಲ 'ನಮ್ಮವ' ಎಂಬಲ್ಲಿ ಜನರೂ ದನಿಗೂಡಿಸಿದರು. ಎಲ್ಪಿದಿಯೊನ ಗಲ್ಲದ ಮೇಲೆ ಧಾರಾಳವಾಗಿ ನೀರು ಹರಿಯುತ್ತಿತ್ತು. ಆ ವರ್ಷ ನಮ್ಮ ಕಚೇರಿಯ ಸಿಬ್ಬಂದಿ ಯಾವುದೇ ಅಡಚಣೆಯಿಲ್ಲದೆ ಪೂರೈಸಿದ ನೀರು ಅದೊಂದೇ.

"ಹೇಗಿತ್ತಯ್ಯಾ?" ಎಂದರು ಸಾಹೇಬರು, ಏದುಸಿರು ಬಿಡುತ್ತ.

ಎಲ್ಪಿದಿಯೊ ತೋಳಿನಿಂದ ಮುಖ ಒರೆಸಿಕೊಂಡ. "ಮೂರನೇ ಪದ್ಯದಲ್ಲಿ," ಎಂದ, "ಮಾತ್ರೆ ತಪ್ಪಿದೆ ಸಾರ್."

ಹಬ್ಬ ಕಳೆದ ಮರುದಿನ ಕಸಾಯಿ ಬೀದಿಯವಳ ಅರ್ಜಿ ಹುಡುಕಲು ನಾನು ಎಲ್ಪಿದಿಯೊನ ಖಾನೆಗಳನ್ನು ಎಳೆದೆ. ಮೇಲೆ ದುರಂತ, ನಡುವೆ ಪ್ರಹಸನ, ಕೆಳಗೆ ಮಹಾಕಾವ್ಯ, ಎಲ್ಲವೂ ಇದ್ದ ಹಾಗೇ ಇದ್ದವು. ಸಾಹೇಬರ ಪದ್ಯವನ್ನು ಸೆಲ್ಸಾ ಬೆಳಿಗ್ಗೆಯೇ ಟೈಪು ಮಾಡಿ ಅವನಿಗೆ ಕೊಟ್ಟಿದ್ದಳು; ಅದನ್ನು ಯಾವ ಪ್ರಕಾರಕ್ಕೆ ಸೇರಿಸಿದ್ದಾನೆಂದು ಕುತೂಹಲವಾಗಿ ಮೂರನ್ನೂ ತಡಕಿದೆ. ಯಾವುದರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಬಳಿ ಅವನ ದನಿ ಕೇಳಿಸಿತು. ನೀರು ಕೇಳಲು ಬಂದ ಯಾರೋ ಅಪರಿಚಿತನ ಮುಂದೆ ಅವನು ಅಂಗಿಯ ಜೇಬಿನಿಂದ ಹಾಳೆಯೊಂದನ್ನು ಬಿಡಿಸುತ್ತ, "ಅರ್ಜಿ ಆಮೇಲೆ ಕೊಡಿ," ಎನ್ನುತ್ತಿದ್ದ. "ಮೊದಲು ಇದನ್ನ ಓದಿ. ನನ್ನ ಮಾನ ಹೇಗೆ ತೆಗೆದಿದ್ದಾರೆ ನೋಡಿ!"